ಅವಳು ಹೇಳಿದ್ದನ್ನಷ್ಟೇ ಬರೆಯುವವರು

ಮಳಖೇಡದ ಆಚೆ, ಕಾಗಿಣಾ ನದಿಯ ದಂಡೆಗೆ ಹತ್ತಿಕೊಂಡಿರುವ ಆ ಊರಿಗೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಸೇಡಂನಿಂದ ಟಂಟಂ ಆಟೊ ಹತ್ತಿದರೆ ಸಿಮೆಂಟ್ ಕಾರ್ಖಾನೆಯ ಕಾಲೊನಿ ದಾಟಿ ರಸ್ತೆಯ ಬದಿಗೆ ಇಳಿಸುತ್ತಿದ್ದರು. ಅಲ್ಲಿಂದ ತೊಗರಿ ಹೊಲಗಳ ನಡುವೆ ನಡೆಯಬೇಕು. ಅಂಗವಿಕಲತೆಯ ಕಾರಣಕ್ಕೆ ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಪಾಠ ಮಾಡುವುದು ನನ್ನ ಕೆಲಸ. ಇಲಾಖೆಯ ಭಾಷೆಯಲ್ಲಿ ಗೃಹಾಧಾರಿತ ಶಿಕ್ಷಣ. ತಾಲ್ಲೂಕಿನ ಎಲ್ಲ ಶಾಲೆಗಳಿಗೂ ನಾನು ಸೇರಿದವಳು. ಆದರೆ ಯಾವ ಶಾಲೆಯ ಸ್ಟಾಫ್ ರೂಮಿನಲ್ಲೂ ನನಗೊಂದು ಕುರ್ಚಿ ಇರಲಿಲ್ಲ. ಊಟದ ಡಬ್ಬಿಯನ್ನು ಬಸ್ ನಿಲ್ದಾಣದ ಕಟ್ಟೆಯ ಮೇಲೋ, ಯಾವುದಾದರೂ ಶಾಲೆಯ ಬೇವಿನ ಗಿಡದ ಕೆಳಗೋ ಬಿಚ್ಚಿ, ಯಾರೂ ನೋಡದಂತೆ ಬೇಗಬೇಗ ತಿಂದು ಮುಗಿಸುವುದು ರೂಢಿಯಾಗಿತ್ತು. ಒಬ್ಬಳೇ ತಿನ್ನುವ ಹೆಂಗಸನ್ನು ಕಂಡರೆ ಜನರಿಗೆ ಅದೇನೋ ಕನಿಕರ ಬರುತ್ತದೆ. ನನಗೆ ಆ ಕನಿಕರ ಕಂಡರೆ ಆಗುವುದಿಲ್ಲ.

ಆ ಊರಿನಲ್ಲಿದ್ದವಳು ಹತ್ತನೇ ತರಗತಿಯ ಹುಡುಗಿ. ಹೆಸರು ಬೇಡ, ವಿದ್ಯಾರ್ಥಿನಿ ಎಂದೇ ಕರೆಯುತ್ತೇನೆ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಕತ್ತು ತಾನೇ ತಾನಾಗಿ ಹೊರಳುತ್ತಿತ್ತು. ನಾಲಿಗೆಯೂ ಹಾಗೆಯೇ. ಮಾತಾಡುತ್ತಿದ್ದಳು, ಆದರೆ ಅರ್ಧ ಅಕ್ಷರಗಳು ಗಂಟಲಲ್ಲೇ ಉಳಿದು, ಉಳಿದರ್ಧ ಉಸಿರಾಗಿ ಹೊರಬರುತ್ತಿದ್ದವು. ತಲೆ ಮಾತ್ರ ಚುರುಕು. ಒಮ್ಮೆ ಹೇಳಿದ ಪಾಠವನ್ನು ಎರಡನೇ ಸಲ ಹೇಳಿದರೆ ಸಿಟ್ಟಿಗೇಳುತ್ತಿದ್ದಳು. ತಂದೆ ವಾಡಿಯ ಕಡೆ ಸಿಮೆಂಟ್ ಚೀಲ ಹೇರುವ ಕೆಲಸಕ್ಕಿದ್ದು ರಜೆಯ ದಿನ ಮಾತ್ರ ಮನೆಗೆ ಬರುತ್ತಿದ್ದ. ತಾಯಿ ಕೂಲಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದಳು. "ನಾಯಿ ಒಳಗ ಬರ್ತಾವ್ರಿ ಟೀಚರ, ಅಕಿಗಿ ಹಚ್ಯಾ ಅನ್ಲಿಕ್ಕೂ ಬರಂಗಿಲ್ಲ" ಎಂದು ಮೊದಲ ದಿನವೇ ಸಮಜಾಯಿಷಿ ಕೊಟ್ಟಿದ್ದಳು. ಗೋಡೆಯ ಮೇಲಿನ ಬುದ್ಧನ ಪಟ, ಕಿಟಕಿಯ ಬೆಳಕು, ಫರಸಿ ಕಲ್ಲು ಹಾಸಿದ ತಣ್ಣಗಿನ ನೆಲ, ಇವಿಷ್ಟರ ಜೊತೆ ಹುಡುಗಿ ದಿನವಿಡೀ ಇರುತ್ತಿದ್ದಳು. ನಾನು ಚಿಲಕ ತೆಗೆಯುವ ಸದ್ದಿಗೆ ಒಳಗಿನಿಂದ ಒಂದು ಕೂಗು ಬರುತ್ತಿತ್ತು. ಹಾಗೆ ನನ್ನನ್ನು ಕಾಯುವವರು ಬೇರೆ ಯಾರೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಆ ವರ್ಷ ಅವಳು ಎಸ್‌ಎಸ್‌ಎಲ್‌ಸಿ ಬರೆಯಬೇಕಿತ್ತು. ಬರೆಯಲು ಕೈ ಬಾರದವರಿಗೆ ಲಿಪಿಕಾರರನ್ನು ಒದಗಿಸುವ ನಿಯಮವಿದೆ. ವಿದ್ಯಾರ್ಥಿ ಹೇಳಬೇಕು, ಲಿಪಿಕಾರರು ಬರೆಯಬೇಕು. ಲಿಪಿಕಾರರು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯಲ್ಲಿರಬೇಕು, ಬೇರೆ ಶಾಲೆಯವರಾಗಿರಬೇಕು, ಸಂಬಂಧಿಕರಾಗಿರಕೂಡದು. ಪ್ರತ್ಯೇಕ ಕೋಣೆ, ಹೆಚ್ಚಿನ ಸಮಯ. ಅರ್ಜಿ, ವೈದ್ಯರ ಪ್ರಮಾಣಪತ್ರ, ಶಿಕ್ಷಣಾಧಿಕಾರಿಯ ಕಚೇರಿಯ ಅನುಮತಿ, ಎಲ್ಲವನ್ನೂ ನಾನೇ ಓಡಾಡಿ ಮಾಡಿಸಿದೆ. ಅದೇನೂ ಕಷ್ಟವಲ್ಲ, ಕಚೇರಿಯ ಬೆಂಚಿನ ಮೇಲೆ ಕೂತು ಕಾಯಲು ಗೊತ್ತಿರಬೇಕು ಅಷ್ಟೆ. ಕಷ್ಟವಿದ್ದದ್ದು ಬೇರೆ ಕಡೆ. ಈ ಹುಡುಗಿಯ ಮಾತು ಅವಳ ತಾಯಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾವಿಬ್ಬರೂ ಲಿಪಿಕಾರರಾಗುವಂತಿರಲಿಲ್ಲ.

ಅವಳ ಹೆಸರು ದಾಖಲಾಗಿದ್ದ ಪ್ರೌಢಶಾಲೆಯ ಮುಖ್ಯಗುರುಗಳು ಒಳ್ಳೆಯ ಮನುಷ್ಯ. ನಾನು ಕೇಳುವುದಕ್ಕೆ ಮೊದಲೇ ಆ ಕೆಲಸ ಮುಗಿಸಿಟ್ಟಿದ್ದರು.

"ಪಕ್ಕದ ಶಾಲಿ ಒಂಬತ್ತನೇತ್ತದಾಗ ಫಸ್ಟ್ ಬರೋ ಪೋರಿನ್ನ ಹಿಡದೀನ್ರಿ ಮೇಡಂ. ಅಕ್ಷರ ಅಂದ್ರ ಮುತ್ತು. ಹತ್ತನೇತ್ತದ ಪುಸ್ತಕ ಈಗೇ ಓದ್ಕೊಂಡು ಕುಂತದ. ಇನ್ನ ನೀವು ಆರಾಮ ಇರ್ರಿ."

ನಮ್ಮ ಕಡೆ ಲಿಪಿಕಾರರನ್ನು ಆರಿಸುವ ಪದ್ಧತಿಯೇ ಹೀಗೆ. ತರಗತಿಯ ಜಾಣ ಮಕ್ಕಳನ್ನು ಹುಡುಕುತ್ತಾರೆ. ಪಾಪದ ಮಗುವಿಗೆ ಸಹಾಯ, ಜಾಣ ಮಗುವಿಗೆ ಪುಣ್ಯ, ಶಾಲೆಗೆ ಫಲಿತಾಂಶ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಇದರಲ್ಲಿ ಕೆಟ್ಟತನವಿಲ್ಲ. ಕೆಟ್ಟತನವಿದ್ದಿದ್ದರೆ ಜಗಳ ಮಾಡುವುದು ಸುಲಭವಿತ್ತು.

ಆ ಲಿಪಿಕಾರ್ತಿ ಶಿಕ್ಷಕರ ಮನೆಯ ಮಗಳು. ಎರಡು ಜಡೆ, ಇಸ್ತ್ರಿ ಮಾಡಿದ ಲಂಗದಾವಣಿಯಂಥ ನಯ. ಭಾನುವಾರ ಅಪ್ಪನ ಗಾಡಿಯ ಮೇಲೆ ಬರುತ್ತಿದ್ದಳು, ಬರುವಾಗ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡೆ ತರುತ್ತಿದ್ದಳು. ವಿದ್ಯಾರ್ಥಿನಿಯ ಗಲ್ಲ ಒರೆಸಲು ಹೇಸುತ್ತಿರಲಿಲ್ಲ. ನನಗೆ ಬಹಳ ಹಿಡಿಸಿದಳು. ಅಭ್ಯಾಸ ಶುರುವಾಯಿತು. ವಿದ್ಯಾರ್ಥಿನಿ ಬಾಯಿ ತೆರೆದು ಒಂದೆರಡು ಶಬ್ದ ಹೊರಡಿಸುವಷ್ಟರಲ್ಲಿ ಇವಳ ಕಣ್ಣು ಮಿಂಚುತ್ತಿತ್ತು, ಪೆನ್ನು ಓಡುತ್ತಿತ್ತು. ಇಷ್ಟು ಬೇಗ ಮಾತು ಹಿಡಿದಳಲ್ಲ ಎಂದು ನಾನು ಹಿಗ್ಗಿದೆ. ವಿದ್ಯಾರ್ಥಿನಿ ಮಾತ್ರ ದಿನದಿಂದ ದಿನಕ್ಕೆ ಕಡಿಮೆ ಮಾತಾಡತೊಡಗಿದಳು. ದಣಿವಿರಬೇಕು ಎಂದುಕೊಂಡೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಇಡೀ ತರಗತಿಗೇ ಹೆಚ್ಚು ಅಂಕ ಬಂದವು. ಮುಖ್ಯಗುರುಗಳು ಫೋನಿನಲ್ಲಿ ಕೂಗಿ ಹೇಳಿದರು. ನಾನು ಹೋಗುವಷ್ಟರಲ್ಲಿ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು. ಒಳಗೆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಯಿಗಿಟ್ಟ ಸಕ್ಕರೆಯನ್ನು ಉಗುಳಿದ್ದಳಂತೆ.

"ಮುಂಜಾನಿಂದ ಹಿಂಗೇ ಅದಾಳ್ರಿ. ಖುಷಿ ಆದ್ರೂ ಅಳ್ತದ ಇದು" ಎಂದಳು ತಾಯಿ.

ಹತ್ತಿರ ಕೂತೆ. ಹುಡುಗಿ ಹೇಳಿದ್ದು ಒಂದೇ ಮಾತು: "ಓದ್ರಿ." ಬರುವಾಗ ಶಾಲೆಯಿಂದ ಇಸಿದುಕೊಂಡ ಅವಳ ಉತ್ತರಪತ್ರಿಕೆಗಳು ನನ್ನ ಚೀಲದಲ್ಲಿದ್ದವು. ಕನ್ನಡದ ಪತ್ರಿಕೆ ತೆಗೆದು, ಗ್ರಂಥಾಲಯದ ಮಹತ್ವ ಕುರಿತ ಪ್ರಬಂಧ ಓದಿದೆ. ಗ್ರಂಥಾಲಯಗಳು ಜ್ಞಾನದ ಭಂಡಾರಗಳು, ಅವು ನಮ್ಮ ವ್ಯಕ್ತಿತ್ವವನ್ನು ರೂಪಿಸುತ್ತವೆ, ಹೀಗೆ ಎರಡು ಪುಟ. ಮುತ್ತಿನಂಥ ಅಕ್ಷರ. ಹುಡುಗಿ ಕಣ್ಣುಗಳನ್ನು ಎಡಕ್ಕೆ ಹೊರಳಿಸಿದಳು. ಕತ್ತು ಅವಳ ಹಿಡಿತದಲ್ಲಿರದ ಕಾರಣ ನಮ್ಮ ನಡುವೆ ಇಲ್ಲ ಎನ್ನುವುದಕ್ಕೆ ಅದೇ ಸನ್ನೆ. ಹೌದು ಎನ್ನಲು ಕಣ್ಣು ಮುಚ್ಚುತ್ತಿದ್ದಳು.

"ನೀ ಏನು ಹೇಳಿದ್ದಿ?"

ಹೇಳಿದಳು. ತಡೆತಡೆದು, ಮೈಯೆಲ್ಲ ಬಿಗಿದುಕೊಂಡು ಹೇಳಿದಳು. "ನಮ್ಮೂರಾಗ ಗ್ರಂಥಾಲಯ ಅದ. ಅದಕ್ಕ ಮೆಟ್ಟಲ ಅವ. ನಾ ಒಳಗ ನೋಡಿಲ್ಲ. ನಮ್ಮವ್ವ ನೋಡ್ಯಾಳ, ಕಸಾ ಹೊಡಿಲಿಕ್ಕ ಹೋದಾಗ. ಪುಸ್ತಕ ಭಾಳ ಅವ ಅಂತ ಹೇಳ್ಯಾಳ."

ಒಂದೊಂದೇ ಉತ್ತರ ಓದುತ್ತ ಹೋದೆ. ಕಣ್ಣು ಎಡಕ್ಕೆ, ಎಡಕ್ಕೆ. ಮೂರು ಪತ್ರಿಕೆಗಳಲ್ಲಿ ಅವಳು ಕಣ್ಣು ಮುಚ್ಚಿದ್ದು ಬೆರಳೆಣಿಕೆಯಷ್ಟು ಸಲ. ಲಿಪಿಕಾರ್ತಿ ಮೋಸ ಮಾಡಿರಲಿಲ್ಲ. ಮೊದಲ ಶಬ್ದ ಕೇಳಿ, ಪಾಪ ಇಷ್ಟೊತ್ತು ಯಾಕೆ ಒದ್ದಾಡಬೇಕು ಎಂದು ವಾಕ್ಯವನ್ನು ತಾನೇ ಮುಗಿಸಿದ್ದಳು. ಇಡೀ ಊರು ಈ ಹುಡುಗಿಯ ಜೊತೆ ಹಾಗೆಯೇ ನಡೆದುಕೊಳ್ಳುತ್ತಿತ್ತು. ಅವಳು "ನೀ" ಎನ್ನುವಷ್ಟರಲ್ಲಿ ನೀರು ತಂದು ಬಾಯಿಗಿಡುತ್ತಿದ್ದರು. ಅವಳು ಕೇಳಬೇಕೆಂದದ್ದು "ನೀವು ಯಾವಾಗ ಬಂದ್ರಿ" ಎಂದಿರಬಹುದು. ನೀರು ಕುಡಿದು ಸುಮ್ಮನಾಗುತ್ತಿದ್ದಳು.

"ಅದು ಅಕಿ ಮಾರ್ಕ್ಸ್" ಎಂದಳು ಹುಡುಗಿ. "ನನಗ ಬ್ಯಾಡ. ನಂದು ಬರಿಲಿ."

ಲಿಪಿಕಾರ್ತಿಗೆ ತಿಳಿಸಿ ಹೇಳಿ ನೋಡಿದೆ. ತಲೆಯಾಡಿಸಿದಳು. ಮುಂದಿನ ಭಾನುವಾರವೂ ಅದೇ ಆಯಿತು. ಅವಳಿಗೆ ನಿಲ್ಲಲು ಬರುತ್ತಿರಲಿಲ್ಲ. ಗೊತ್ತಿದ್ದ ಉತ್ತರ ಕಣ್ಣೆದುರು ಇರುವಾಗ ಪೆನ್ನನ್ನು ಎತ್ತಿ ಹಿಡಿದು ಕಾಯುವುದು ಜಾಣ ಮಕ್ಕಳಿಗೆ ಯಾರೂ ಕಲಿಸಿರುವುದಿಲ್ಲ. ಅಂತಿಮ ಪರೀಕ್ಷೆ ಹತ್ತಿರ ಬಂದಿತ್ತು. ಲಿಪಿಕಾರ್ತಿಯನ್ನು ಬದಲಿಸಬೇಕು ಎಂದು ನಿರ್ಧರಿಸಿದೆ.

ಮುಖ್ಯಗುರುಗಳು ಕುರ್ಚಿಯಿಂದ ಎದ್ದೇ ನಿಂತರು. "ಮೇಡಂ, ತಲಿ ಬರಾಬರ್ ಅದ ಇಲ್ಲ ನಿಮ್ದು? ತಾಟಿನ್ಯಾಗ ಬಡಿಸಿದ್ದು ಒಯ್ದು ಚೆಲ್ತೀರಲ್ಲ. ಆ ಪೋರಿ ಫೇಲಾದ್ರ ಜಿಮ್ಮೇದಾರಿ ಯಾರು?"

"ನಾನೇ ಸರ್" ಎಂದೆ. ಬಾಯಲ್ಲಿ ಹೇಳಿದಷ್ಟು ಧೈರ್ಯ ಎದೆಯಲ್ಲಿರಲಿಲ್ಲ.

ತಾಯಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಟೀಚರ, ನಿಮಗ ಕೈ ಮುಗಿತೀನಿ. ಅಕ್ಷರ ಯಾರ್ದಾದ್ರೂ ಇರ್ಲಿ, ಪಾಸಾದ್ರ ಸಾಕ್ರಿ. ನಾ ಇರೋತನ ಅಕಿಗಿ ನಾ ಇದ್ದೀನಿ. ಆಮ್ಯಾಲ ಆ ಪಾಸಿಂದು ಕಾಗದಾರ ಇರ್ಲಿ ಕೈಯಾಗ." ಆಕೆ ಹೇಳಿದ್ದು ತಪ್ಪೇನೂ ಆಗಿರಲಿಲ್ಲ. ಒಳಗಿನಿಂದ ಹುಡುಗಿ ಕೂಗಿದಳು. ತಾಯಿ ಹೋಗಿ ಬಹಳ ಹೊತ್ತು ಕೂತು ಕೇಳಿದಳು, ಅಂದು ಮಾತ್ರ ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಬಂದು ಮತ್ತೆ ರೊಟ್ಟಿ ತಟ್ಟತೊಡಗಿದಳು. "ಅಕಿಗಿ ಬ್ಯಾಡಂತ್ರಿ. ಅಕಿದು ಹಟ ನಿಮಗೇನ ಹೊಸಾದಾ? ನೋಡ್ರಿ ಏನ್ ಮಾಡ್ತೀರಿ" ಎಂದಳು, ನನ್ನ ಮುಖ ನೋಡದೆ.

ಮೊದಲ ಲಿಪಿಕಾರ್ತಿಯ ಮನೆಗೆ ನಾನೇ ಹೋದೆ. ಅವಳಪ್ಪ ಚಹಾ ಕೊಟ್ಟರು. ಹುಡುಗಿ ಬಾಗಿಲ ಹತ್ತಿರ ನಿಂತು ಕೇಳಿದಳು. "ನಾ ಏನ್ ತಪ್ಪ ಮಾಡೀನ್ರಿ ಟೀಚರ್? ಅಕ್ಕಗ ಛಲೋ ಮಾರ್ಕ್ಸ್ ಬಂದಾವಲ್ರಿ." ತಪ್ಪೇನಿಲ್ಲ ಮಗಳೇ ಎಂದೆ. ಅವಳು ಅಳುತ್ತಿದ್ದಳು. ಅವತ್ತು ಸೇಡಂನ ನನ್ನ ಬಾಡಿಗೆ ಕೋಣೆಗೆ ಬಂದು ಒಲೆ ಹಚ್ಚಲಿಲ್ಲ. ಒಬ್ಬ ಒಳ್ಳೆಯ ಹುಡುಗಿಯನ್ನು ನೋಯಿಸಿದ್ದೆ, ಒಬ್ಬ ತಾಯಿಯ ಆಸೆಗೆ ಅಡ್ಡ ಬಂದಿದ್ದೆ, ಸರಿಯಾದದ್ದನ್ನೇ ಮಾಡಿದೆನೋ ಇಲ್ಲವೋ ಎಂದು ಕೇಳಲು ಜೊತೆಯಲ್ಲೊಬ್ಬ ಸಹೋದ್ಯೋಗಿ ಇರಲಿಲ್ಲ. ಚಿಂಚೋಳಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅವನು "ಊಟ ಆತೇನು?" ಎಂದ. ಆತು ಎಂದು ಇಟ್ಟೆ.

ಹುಡುಕಾಟ ಶುರುವಾಯಿತು. ಈ ಸಲ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡಿದ್ದೆ. ಒಂಬತ್ತನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ, ನಾನು ಹೇಳಿದ್ದನ್ನು ಬರೆಯಿರಿ ಎಂದು ಹೇಳಿ, ವಾಕ್ಯದ ಮಧ್ಯೆ ನಿಲ್ಲಿಸುತ್ತಿದ್ದೆ. "ಭಾರತದ ರಾಜಧಾನಿ" ಎಂದು ಹೇಳಿ ಸುಮ್ಮನಾದರೆ ಎಲ್ಲರೂ ದೆಹಲಿ ಎಂದು ಬರೆದು ತಲೆಯೆತ್ತಿ ನಗುತ್ತಿದ್ದರು. "ನಿನ್ನೆ ನಾನು ಸಂತೆಗೆ" ಎಂದರೆ ಹೋಗಿದ್ದೆ ಎಂದು ಬರೆಯುತ್ತಿದ್ದರು. ನಾನು ಹೇಳಬೇಕೆಂದಿದ್ದದ್ದು ಹೋಗಲಿಲ್ಲ ಎಂದು. ಶಾಲೆಯಿಂದ ಶಾಲೆಗೆ ಹೋದೆ. ಶಿಕ್ಷಕರು ತಮ್ಮ ಜಾಣ ಮಕ್ಕಳನ್ನೇ ಕಳಿಸುತ್ತಿದ್ದರು, ಜಾಣ ಮಕ್ಕಳು ನನ್ನ ವಾಕ್ಯ ಮುಗಿಸುತ್ತಿದ್ದರು.

ಕೊನೆಗೆ ಸೇಡಂನ ಒಂದು ಶಾಲೆಯಲ್ಲಿ, ಕಿಟಕಿಯ ಬಳಿ ಕೂತಿದ್ದ ಒಬ್ಬಳನ್ನು ನಾನೇ ತೋರಿಸಿ ಕರೆದೆ. ತರಗತಿ ಶಿಕ್ಷಕಿ ಅಡ್ಡ ಬಂದರು. "ಅಕಿ ಬ್ಯಾಡ್ರಿ ಮೇಡಂ. ಗಡಿ ಆಚಿ ಕಡಿ ತೆಲುಗು ಶಾಲಿದಾಗ ಕಲ್ತು ಬಂದದ. ಮನ್ಯಾಗೂ ತೆಲುಗೇ. ಕನ್ನಡ ಓದಿ ಬರಿತದ ಖರೇ, ಹೊಸಾದು ನೋಡ್ರಿ, ತಡಾ ಮಾಡ್ತದ." ಇರಲಿ ಕಳಿಸಿ ಎಂದೆ. ಹುಡುಗಿ ಬಂದು ಎದುರು ಕೂತಳು. ವಸತಿನಿಲಯದ ಹುಡುಗಿ, ಎಣ್ಣೆ ಹಾಕಿ ಬಿಗಿದ ತಲೆ, ಹೆದರಿದ ಮುಖ. "ನಿನ್ನೆ ನಾನು ಸಂತೆಗೆ" ಎಂದು ನಿಲ್ಲಿಸಿದೆ. ಅಷ್ಟನ್ನೇ ಬರೆದಳು. ಪೆನ್ನು ಎತ್ತಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ಕೂತಳು. ಹೊರಗೆ ಬಿಸಿಯೂಟದ ಗಂಟೆ ಹೊಡೆಯಿತು. ಅವಳು ಕದಲಲಿಲ್ಲ.

"ಯಾಕ ಮುಂದ ಬರಿಲಿಲ್ಲ?" ಎಂದು ಕೇಳಿದೆ.

"ನೀವು ಹೇಳಿಲ್ಲಲ್ರಿ" ಎಂದಳು.

ಈ ಭಾಷೆಯ ವಾಕ್ಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಊಹಿಸುವ ಧೈರ್ಯ ಆ ಹುಡುಗಿಗಿರಲಿಲ್ಲ. ಕನ್ನಡದಲ್ಲಿ ಅವಳು ಪ್ರತಿ ಮಾತನ್ನೂ ಕೊನೆಯವರೆಗೆ ಕೇಳಲೇಬೇಕಿತ್ತು. ನನಗೆ ಬೇಕಾದದ್ದೂ ಅದೇ.

ವಸತಿನಿಲಯದ ಮೇಲ್ವಿಚಾರಕಿಯ ಒಪ್ಪಿಗೆ, ಹಳ್ಳಿಯಲ್ಲಿದ್ದ ಅವಳ ಅಪ್ಪನ ಒಪ್ಪಿಗೆ, ಮತ್ತೆ ಕಚೇರಿಯ ಬೆಂಚು. ಗುಮಾಸ್ತರು ಹೊಸ ಹೆಸರು ನೋಡಿ "ಹಳಿ ಸ್ಕ್ರೈಬ್ ಜೋಡಿ ಜಗಳಾ ಆಡಿದ್ರೇನು?" ಎಂದು ಚುಡಾಯಿಸಿದರು. ಹೌದು, ಜುಟ್ಟು ಹಿಡಿದಾಡಿದೆವು ಎಂದೆ. ಅವರು ನಕ್ಕು ಕಾಗದ ಮುಂದೆ ತಳ್ಳಿದರು.

ಮೊದಲ ಭಾನುವಾರ ಅನಾಹುತವಾಯಿತು. ವಿದ್ಯಾರ್ಥಿನಿ ಹೇಳಿದ ಒಂದು ಮಾತೂ ಹೊಸ ಹುಡುಗಿಗೆ ತಿಳಿಯಲಿಲ್ಲ. ಮತ್ತೆ ಹೇಳಕ್ಕಾ, ಮತ್ತೆ ಹೇಳಕ್ಕಾ ಎನ್ನುತ್ತಲೇ ಮಧ್ಯಾಹ್ನ ಕಳೆಯಿತು. ವಿದ್ಯಾರ್ಥಿನಿಯ ಮೈ ಸೆಟೆದುಕೊಂಡಿತು, ಇಬ್ಬರೂ ಅತ್ತರು. ತಾಯಿ ನನ್ನ ಕಡೆ ನೋಡಿದ ನೋಟದಲ್ಲಿ "ನಾ ಆಗ್ಲೇ ಹೇಳಿದ್ನಲ್ಲ" ಎಂಬ ಮಾತಿತ್ತು. ನಾನು ಮಧ್ಯೆ ಕೂತು ಮಾತು ಬಿಡಿಸಿ ಹೇಳುತ್ತಿದ್ದೆ. ಎರಡನೇ ಭಾನುವಾರ ಅದನ್ನೇ ನಿಲ್ಲಿಸಿದೆ. ಪರೀಕ್ಷಾ ಕೋಣೆಯಲ್ಲಿ ನಾನಿರುವುದಿಲ್ಲ. ಇಬ್ಬರನ್ನೂ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತೆ.

ನಾನು ಹಾಕಿಕೊಟ್ಟ ಕ್ರಮ ಇಷ್ಟಿತ್ತು. ವಿದ್ಯಾರ್ಥಿನಿ ಒಂದು ಪದ ಹೇಳಬೇಕು. ಬರೆಯುವವಳು ತನಗೆ ಕೇಳಿಸಿದ್ದನ್ನು ಗಟ್ಟಿಯಾಗಿ ಹೇಳಿ ತೋರಿಸಬೇಕು. ಕಣ್ಣು ಮುಚ್ಚಿದರೆ ಮಾತ್ರ ಬರೆಯಬೇಕು, ಎಡಕ್ಕೆ ಹೊರಳಿದರೆ ಮತ್ತೆ ಕೇಳಬೇಕು. ವಾಕ್ಯ ಮುಗಿದ ಮೇಲೆ ಇಡೀ ವಾಕ್ಯ ಓದಿ ತೋರಿಸಬೇಕು. ನಕ್ಷೆಯ ಪ್ರಶ್ನೆಗೆ ಪೆನ್ಸಿಲ್ಲನ್ನು ಮೇಲಿನಿಂದ ನಿಧಾನ ಸರಿಸುತ್ತ ಬರಬೇಕು, ಕಣ್ಣು ಮುಚ್ಚಿದ ಕಡೆ ಚುಕ್ಕೆ ಇಡಬೇಕು. ಗಣಿತದ್ದು ಎಲ್ಲಕ್ಕಿಂತ ತ್ರಾಸು. ಒಂದು ಹಂತವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದನ್ನು ಪದಪದವಾಗಿ ಹೇಳುವಷ್ಟರಲ್ಲಿ ಮೊದಲನೆಯದು ಜಾರಿಹೋಗುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಹುಡುಕಲು ಒದ್ದಾಡಿದೆ, ಕೊನೆಗೂ ಸಿಗಲಿಲ್ಲ.

ಒಂದು ಭಾನುವಾರ ಕಟ್ಟೆಯ ಮೇಲೆ ಕೂತಿದ್ದಾಗ ಒಳಗಿನಿಂದ ಹೊಸ ಹುಡುಗಿಯ ದನಿ ಸರಾಗ ಕೇಳಿಬಂತು. "ದ್ಯುತಿ... ಸಂಶ್ಲೇಷಣೆ... ಕ್ರಿಯೆಯಲ್ಲಿ... ಸಸ್ಯಗಳು..." ನಡುವೆ ಎಲ್ಲೂ ಮತ್ತೆ ಹೇಳಕ್ಕಾ ಇರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ಕೇಳಿದಳು, ನಿಂತೇ ಇದ್ದಳು. ಆಮೇಲೆ ನನಗೆ ಚಹಾ ಮಾಡಿಕೊಟ್ಟಳು, ಅದಕ್ಕೆ ಹೆಚ್ಚು ಸಕ್ಕರೆ ಹಾಕಿದ್ದಳು.

ಪರೀಕ್ಷೆಯ ದಿನ ತಂದೆ ರಜೆ ಹಾಕಿ ಬಂದಿದ್ದ. ಟಂಟಂನಿಂದ ಮಗಳನ್ನು ಎತ್ತಿಕೊಂಡು ಹೋಗಿ ಕೋಣೆಯಲ್ಲಿ ಕೂಡಿಸಿ, ಬೀಳದಂತೆ ಟವೆಲ್ಲಿನಿಂದ ಕುರ್ಚಿಗೆ ಸಡಿಲಾಗಿ ಕಟ್ಟಿ ಹೊರಗೆ ಬಂದ. ನಾವು ಮೂವರೂ ಗೇಟಿನ ಹೊರಗೆ ನಿಂತೆವು. ಬೇಸಿಗೆಯ ಬಿಸಿಲು ಆಗಲೇ ಏರಿತ್ತು. ಪ್ರಶ್ನೆಪತ್ರಿಕೆ ಕೊಟ್ಟು ಸ್ವಲ್ಪ ಹೊತ್ತಾಗಿರಬೇಕು, ಜವಾನ ಓಡಿಬಂದು ಮೇಡಂ ಯಾರು ಎಂದು ಕೂಗಿದ. ಅನುಮತಿ ಪತ್ರದ ಚೀಲ ಹಿಡಿದು ಒಳಗೆ ಓಡಿದೆ.

ಕೋಣೆಯಲ್ಲಿ ತಪಾಸಣೆಯ ಅಧಿಕಾರಿಯೊಬ್ಬರು ನಿಂತಿದ್ದರು. ಪಕ್ಕದಲ್ಲಿ ಕೇಂದ್ರದ ಮುಖ್ಯಸ್ಥರು ಬೆವರು ಒರೆಸಿಕೊಳ್ಳುತ್ತಿದ್ದರು. ಉತ್ತರಪತ್ರಿಕೆಯನ್ನು ತೆಗೆದಿಟ್ಟಿದ್ದರು. ಬರೆಯುವ ಹುಡುಗಿ ಎದ್ದು ನಿಂತಿದ್ದಳು.

"ಏನ್ರಿ ಇದು? ಕ್ಯಾಮರಾದಾಗ ನೋಡ್ಲಿಕತ್ತೀವಿ, ಬರೆಯಾಕಿ ಬಾಯಿ ಸುಮ್ಕ ನಿಂದರವಲ್ದು. ಅಕಿ ಉತ್ತರ ಹೇಳಾಕಿ, ಇಕಿ ಹ್ಞೂಂ ಅನ್ನಾಕಿ. ಇದಕ್ಕೇನಂತೀರಿ ನೀವು?"

ಅವರ ಕಣ್ಣಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಕ್ರಮವನ್ನು ವಿವರಿಸಿದೆ. ಅವರು ನಂಬಲಿಲ್ಲ. ನನ್ನ ದನಿ ಏರುತ್ತ ಹೋಯಿತು, ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಕೊನೆಗೆ ಹೇಳಿದೆ. "ಸರ್, ನಾನು ಆ ಮೂಲೆಗೆ ಗೋಡೆ ಕಡೆ ಮುಖ ಮಾಡಿ ನಿಂದರ್ತೀನಿ. ನೀವೇ ಅಕಿಗಿ ಏನರ ಕೇಳ್ರಿ. ಪುಸ್ತಕದಾಗ ಇಲ್ಲದ್ದು ಕೇಳ್ರಿ."

ಅಧಿಕಾರಿ ವಿದ್ಯಾರ್ಥಿನಿಯ ಕಡೆ ಬಾಗಿ, ಕಿವಿ ಕೇಳದವರಿಗೆ ಹೇಳುವಂತೆ ಗಟ್ಟಿಯಾಗಿ "ಏನವಾ, ನನಗೇನರ ಹೇಳಬೇಕಂತೀಯೇನು?" ಎಂದರು.

ಗೋಡೆಯ ಕಡೆ ತಿರುಗಿ ನಿಂತು ಕೇಳಿಸಿಕೊಂಡೆ. ವಿದ್ಯಾರ್ಥಿನಿ ಶುರುಮಾಡಿದಳು. ಬರೆಯುವ ಹುಡುಗಿ ಒಂದೊಂದೇ ಪದ ಎತ್ತಿಕೊಡುತ್ತ ಹೋದಳು, ವಾಕ್ಯ ಎಲ್ಲಿಗೆ ಹೋಗುತ್ತಿದೆ ಎಂಬ ಅರಿವು ಎಂದಿನಂತೆ ಇಲ್ಲದೆ. "ನಿಮ್ಮ... ಸಲುವಾಗಿ... ನನ್ನ... ಟೈಮ್... ಹಾಳ್... ಹಾಳಾಗ್ಲಿಕತ್ತದ. ನೀವು... ಹೊರಗ..." ಅಲ್ಲಿಗೆ ಅವಳಿಗೆ ಅರ್ಥವಾಯಿತು. ಗಪ್ಪಾದಳು. ವಿದ್ಯಾರ್ಥಿನಿಯ ಕಣ್ಣು ಎಡಕ್ಕೆ ಹೊರಳಿರಬೇಕು, ಮುಂದೆ ಹೇಳು ಎಂದು ಹಟ ಮಾಡಿರಬೇಕು. ಬರೆಯುವವಳು ಇರುವೆಯಷ್ಟು ದನಿಯಲ್ಲಿ ಮುಗಿಸಿದಳು. "...ಹೋಗ್ರಿ."

ನಾನು ಈಚೆ ತಿರುಗಿದೆ. ಮುಖ್ಯಸ್ಥರು ಕೆಮ್ಮಿದರು. ಅಧಿಕಾರಿ ಸ್ವಲ್ಪ ಹೊತ್ತು ಇಬ್ಬರು ಹುಡುಗಿಯರನ್ನೂ ನೋಡಿ, ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟರು. "ಇವರಿಗಿ ಹೋದ ಟೈಮ್ ಕೂಡಿಸಿ ಕೊಡ್ರಿ" ಎಂದು ಮುಖ್ಯಸ್ಥರಿಗೆ ಹೇಳಿ ನಡೆದರು. ಬಾಗಿಲ ಆಚೆ ಹೋದ ಮೇಲೆ ಅವರು ನಕ್ಕದ್ದು ನನಗೆ ಕೇಳಿಸಿತು. ನಾನು ಹೊರಗೆ ಬಂದು ಗೇಟಿನ ಹತ್ತಿರ ತಂದೆತಾಯಿಗೆ ಏನೂ ಆಗಿಲ್ಲ ಎಂದೆ, ಆಮೇಲೆ ನಳದ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಸಾಕಾಗುವಷ್ಟು ಅತ್ತೆ.

ಫಲಿತಾಂಶ ಬಂತು. ಕನ್ನಡ ಚೆನ್ನಾಗಿ ಬಂದಿತ್ತು. ಸಮಾಜ, ವಿಜ್ಞಾನ ದಾಟಿಕೊಂಡಿದ್ದಳು. ಗಣಿತದಲ್ಲಿ ಫೇಲು. ಮುಖ್ಯಗುರುಗಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಆ ಪೋರಿ ಇದ್ದಿದ್ರ ಫಸ್ಟ್ ಕ್ಲಾಸ್ ಇತ್ರಿ ಮೇಡಂ" ಎಂದು ಮೆಲ್ಲಗೆ ಹೇಳಿ ರಿಜಿಸ್ಟರಿನ ಪುಟ ತಿರುವಿದರು. ಎರಡನೇ ಪರೀಕ್ಷೆಗೆ ಕಟ್ಟಿಸೋಣ ಎಂದೆ. ಸೇಡಂನಿಂದ ಆ ಊರಿಗೆ ಹೋಗುವ ದಾರಿಯುದ್ದಕ್ಕೂ ತಾಯಿಗೆ ಏನು ಹೇಳಲಿ ಎಂದು ಮಾತು ಹೊಂದಿಸುತ್ತಿದ್ದೆ. ಹೇಗೆ ಹೊಂದಿಸಿದರೂ ಅದು ಪಾಸಾದ ಕಾಗದ ನನ್ನಿಂದಲೇ ತಪ್ಪಿತು ಎಂಬುದೇ ಆಗಿರುತ್ತಿತ್ತು. ಮನೆ ತಲುಪಿದಾಗ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಾಯಿ ಹೊರಗೆ ಪಾತ್ರೆ ತೊಳೆಯುತ್ತಿದ್ದಳು.

"ಗಣಿತ ಹೋತು" ಎಂದೆ.

"ಗೊತ್ತಾತ್ರಿ. ಆ ತೆಲುಗು ಪೋರಿ ಫೋನಿನ್ಯಾಗ ನೋಡಿ ಹೇಳ್ತು. ಮತ್ತ ಬರಿತೀನಿ ಅಂತದ ಇದು. ಬರಿಲಿ." ಪಾತ್ರೆ ಬೋರಲು ಹಾಕಿದಳು. "ಆ ಪೋರಿನೂ ಒಳಗೇ ಅದಾಳ್ರಿ. ರಜಾ ಅದಲ್ಲ, ಅವರ ಕಾಕಾನ ಮನಿ ಮಳಖೇಡದಾಗ ಅದಂತ, ಅಲ್ಲಿಂದ ದಿನಾ ಬರ್ತಾಳ. ನಾ ಕೆಲಸಕ್ಕ ಹೋದಾಗ ಅಕಿನೇ ಇರ್ತಾಳ. ಯಾರೂ ಕರದಿಲ್ರಿ, ತಾನೇ ಬರ್ತಾಳ."

ಅಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ಇಬ್ಬರದೂ. ವಿದ್ಯಾರ್ಥಿನಿ ಅಷ್ಟು ದೊಡ್ಡದಾಗಿ ನಗುವುದನ್ನು ನಾನು ಕೇಳಿರಲಿಲ್ಲ. ನಗುವಿನ ನಡುವೆ ಅವಳು ಏನೋ ಹೇಳುತ್ತಿದ್ದಳು. ಅರ್ಧ ಅವಳ ಕನ್ನಡ, ಅರ್ಧ ಅವಳು ಯಾವಾಗ ಕಲಿತಳೋ ಗೊತ್ತಿಲ್ಲದ ತೆಲುಗು, ಎಲ್ಲ ಆ ಒಡೆದ ಉಸಿರಿನಲ್ಲಿ, ತಡವರಿಸದೆ, ಭರಭರನೆ. ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ನನಗೆ ಒಂದು ಪದವೂ ಹತ್ತಲಿಲ್ಲ. ಇಷ್ಟು ವರ್ಷ ಅವಳ ಮಾತು ನನಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ನನಗೆ ತಿಳಿಯಲಿ ಎಂದು ಅವಳು ನಿಧಾನ ಮಾಡಿ ಹೇಳುತ್ತಿದ್ದಳು.

"ಏನು ನಗಲಿಕತ್ತೀರಿ ಇಬ್ಬರೂ? ನನಗೂ ಹೇಳ್ರಲ್ಲ" ಎಂದೆ ಒಳಗೆ ಹೋಗುತ್ತ.

ವಿದ್ಯಾರ್ಥಿನಿ ನನ್ನನ್ನು ನೋಡಿದಳು, ಗೆಳತಿಯ ಕಡೆ ತಿರುಗಿ ಚುಟುಕಾಗಿ ಏನೋ ಅಂದಳು. ಗೆಳತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಏನಂದಳು?" ಎಂದು ಅವಳನ್ನು ಕೇಳಿದೆ.

ಅವಳು ಹೇಳಿದ್ದನ್ನಷ್ಟೇ ಹೇಳುವ ಹುಡುಗಿ, ಒಂದಕ್ಷರ ಸೇರಿಸದೆ ಹೇಳಿದಳು. "ಟೀಚರ್‌ಗ ಹೇಳಬ್ಯಾಡ ಅಂತಾಳ್ರಿ."

ಗಣಿತದ ಪುಸ್ತಕವಿದ್ದ ಚೀಲವನ್ನು ಒಳಗೆ ಇಟ್ಟು ಕಟ್ಟೆಗೆ ಬಂದು ಕೂತೆ. ಸಂತೋಷವಾಗಿತ್ತು, ಮತ್ತು ಆ ಸಂತೋಷವನ್ನು ಹೇಳಿಕೊಳ್ಳಲು ಆ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ತಾಯಿ ಚಹಾಕ್ಕೆ ಇಡಲೇನ್ರಿ ಎಂದು ಕೇಳಿದಳು. ಇಡು ಎಂದೆ. ಒಳಗೆ ಮತ್ತೆ ಮಾತು ಶುರುವಾಯಿತು.